ಮುಂದಿನ ಹತ್ತು ನಿಮಿಷದಲ್ಲಿ ಅಪಘಾತದ ಅಪಾಯ ಎಷ್ಟು? ಐ-880 ಫ್ರೀವೇ ಡೇಟಾ ಹಿಡಿದು ಲೆಕ್ಕ ಹಾಕುವ ಬಗೆ

ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ ಫ್ರೀಮಾಂಟ್‌ನಿಂದ ಸ್ಯಾನ್ ಹೋಸೆ ಕಡೆಗೆ ಐ-880 ಹಿಡಿದು ಆಫೀಸಿಗೆ ಹೋಗುವ ಕನ್ನಡಿಗರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಈ ಅನುಭವ ಹೊಸದಲ್ಲ. ಮಿಷನ್ ಬುಲೆವಾರ್ಡ್ ದಾಟಿದ ಮೇಲೆ ಒಂದು ಲೇನ್ ಸರಾಗವಾಗಿ ಓಡುತ್ತಿರುತ್ತದೆ, ಪಕ್ಕದ್ದು ತೆವಳುತ್ತಿರುತ್ತದೆ. ಮುಂದೆ ಸಾಲಾಗಿ ಬ್ರೇಕ್ ಲೈಟು ಹತ್ತಿಕೊಳ್ಳುತ್ತವೆ. ಯಾರೋ ಒಬ್ಬರು ತಾಳ್ಮೆ ಕೆಟ್ಟು ಲೇನ್ ಬದಲಿಸುತ್ತಾರೆ. 'ಇವತ್ತು ಇಲ್ಲಿ ಏನೋ ಆಗುತ್ತೆ' ಅಂತ ಮನಸ್ಸು ಹೇಳುತ್ತದೆ. ಎಷ್ಟೋ ದಿನ ಏನೂ ಆಗುವುದಿಲ್ಲ. ಒಂದು ದಿನ ಆಗಿಬಿಡುತ್ತದೆ.

ನಿಮ್ಮ ಮನಸ್ಸು ಕಂಡಿದ್ದನ್ನು ರಸ್ತೆಯಲ್ಲಿರುವ ಸೆನ್ಸರುಗಳೂ ಕಾಣುತ್ತವೆ, 30 ಸೆಕೆಂಡಿಗೊಮ್ಮೆ ಬರೆದಿಡುತ್ತವೆ. ಆ ಅಂಕಿಗಳಿಂದ ಅಪಾಯವನ್ನು ಮೊದಲೇ ಅಂದಾಜು ಮಾಡುವುದು ಹೇಗೆ ಅನ್ನುವುದೇ ಈ ಬರಹ. ಪೈಥಾನ್ ಸ್ವಲ್ಪ ಬರುತ್ತದೆ, ಪಾಂಡಾಸ್ ಬಳಸಿ ಗೊತ್ತು ಅಂದರೆ ಸಾಕು. ಡಿಸ್ಕಿನಲ್ಲಿ ಮಾತ್ರ ಧಾರಾಳವಾಗಿ ಜಾಗ ಇರಲಿ.

ಐ-880ಯನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಈ ಕೆಲಸ ಶುರುವಾದ ರಸ್ತೆಗಳಲ್ಲಿ ಅದೂ ಒಂದು. 1993ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಹೇವರ್ಡ್ ಸುತ್ತಮುತ್ತ ಕೆಲವು ನಿಮಿಷಕ್ಕೊಂದು ಕಾರು ಓಡಿಸಿ, ಕಣ್ಣಾರೆ ಕಂಡ ಅಪಘಾತಗಳನ್ನು ಬರೆದುಕೊಂಡರು. ಅದೇ ಹೊತ್ತಿನ ಲೂಪ್ ಡೇಟಾವನ್ನೂ, ಅಂದರೆ ರಸ್ತೆಯೊಳಗೆ ಹೂತ ಸೆನ್ಸರುಗಳ ಅಂಕಿಗಳನ್ನೂ, ಕೂಡಿಟ್ಟರು. 2001ರಲ್ಲಿ ಅರ್ವೈನ್ ವಿಶ್ವವಿದ್ಯಾಲಯದ ತಂಡವೊಂದು ಆ ಡೇಟಾ ತೆಗೆದುಕೊಂಡು ಹುಡುಕಿದಾಗ, ಅಪಘಾತಕ್ಕೆ ಮೊದಲಿನ ಹೊತ್ತನ್ನು ಮಾಮೂಲಿ ಹೊತ್ತಿನಿಂದ ಚೆನ್ನಾಗಿ ಬೇರ್ಪಡಿಸಿದ ಅಂಕಿ ಯಾವುದು ಗೊತ್ತಾ? ಐದು ನಿಮಿಷದೊಳಗೆ ವೇಗದಲ್ಲಾದ ಏರುಪೇರು. ಆಮೇಲೆ ಟೊರಾಂಟೊದ ಗಾರ್ಡಿನರ್ ಎಕ್ಸ್‌ಪ್ರೆಸ್‌ವೇ, ಫ್ಲಾರಿಡಾದ ಆರ್ಲ್ಯಾಂಡೊ ಊರಿನ ಐ-4, ಟೋಕಿಯೊದ ಎಕ್ಸ್‌ಪ್ರೆಸ್‌ವೇಗಳು ಅಂತ ಕೆಲಸ ಹಬ್ಬಿತು.

ಶುರು ಮಾಡುವ ಮೊದಲು: ಏನನ್ನು ಹೇಳಲು ಹೊರಟಿದ್ದೇವೆ?

'7:41ಕ್ಕೆ ಇಲ್ಲಿ ಅಪಘಾತ ಆಗುತ್ತದೆ' ಅಂತ ಯಾವ ಮಾಡೆಲ್ಲೂ ಹೇಳಲಾರದು. ಹಾಗೆ ಹೇಳುತ್ತೇನೆ ಅನ್ನುವವರಿಂದ ದೂರ ಇರಿ. ನಾವು ಹೇಳಬಹುದಾದದ್ದು ಇಷ್ಟು: ಈ ಅರ್ಧ ಮೈಲಿ ತುಂಡಿನಲ್ಲಿ, ಮುಂದಿನ ಐದರಿಂದ ಹತ್ತು ನಿಮಿಷದಲ್ಲಿ, ಅಪಾಯ ಮಾಮೂಲಿಗಿಂತ ಇಷ್ಟು ಪಟ್ಟು ಜಾಸ್ತಿ. ಡಾಕ್ಟರು 'ನಿಮಗೆ ಬಿಪಿ ಜಾಸ್ತಿ ಇದೆ' ಅಂದ ಹಾಗೆ. ನಾಳೆ ಬೆಳಗ್ಗೆ ಏನಾಗುತ್ತದೆ ಅಂತ ಅವರು ಹೇಳುವುದಿಲ್ಲ ಅಲ್ವಾ?

ಹಾಗಾಗಿ ರಸ್ತೆಯನ್ನು ತುಂಡುಗಳಾಗಿ ಕತ್ತರಿಸಿ. ಎರಡು ಡಿಟೆಕ್ಟರ್ ಸ್ಟೇಷನ್‌ಗಳ (ಸೆನ್ಸರು ಕೂರಿಸಿದ ಜಾಗಗಳ) ನಡುವಿನದು ಒಂದು ತುಂಡು. ಹೊತ್ತನ್ನು ಐದೈದು ನಿಮಿಷಕ್ಕೆ ಕತ್ತರಿಸಿ. ಒಂದು ತುಂಡು, ಒಂದು ಐದು ನಿಮಿಷ ಸೇರಿದರೆ ಒಂದು 'ಚೌಕ' ಅಂತ ಕರೆಯೋಣ. ಪ್ರತಿ ಚೌಕಕ್ಕೂ ಒಂದು ಅಪಾಯದ ಅಂಕಿ ಕೊಡುವುದು ನಮ್ಮ ಕೆಲಸ.

ಹಂತ 1: ರಸ್ತೆಯ ಡೇಟಾ ಇಳಿಸಿಕೊಳ್ಳಿ

ಕ್ಯಾಲಿಫೋರ್ನಿಯಾದ ರಸ್ತೆ ಇಲಾಖೆ ಕ್ಯಾಲ್‌ಟ್ರಾನ್ಸ್‌ನ ಹತ್ತಿರ 'ಪೆಮ್ಸ್' ಅನ್ನುವ ವ್ಯವಸ್ಥೆ ಇದೆ. ಬರ್ಕ್ಲಿಯಲ್ಲಿ ಪ್ರವೀಣ್ ವರೈಯಾ ಅವರ ಮುಂದಾಳತ್ವದಲ್ಲಿ ಹುಟ್ಟಿದ್ದು. ಖಾತೆ ತೆರೆದರೆ ಡೇಟಾ ಪುಕ್ಕಟೆ ಸಿಗುತ್ತದೆ. 880 ಓಡುವ ಬೇ ಏರಿಯಾ ಬರುವುದು ಡಿಸ್ಟ್ರಿಕ್ಟ್ 4ರಲ್ಲಿ. ಡೇಟಾ ಕ್ಲಿಯರಿಂಗ್‌ಹೌಸ್ ಪುಟಕ್ಕೆ ಹೋಗಿ ಮೂರು ಬಗೆಯ ಫೈಲ್ ತೆಗೆದುಕೊಳ್ಳಿ: 30 ಸೆಕೆಂಡಿನ ಕಚ್ಚಾ ಸ್ಟೇಷನ್ ಡೇಟಾ, 5 ನಿಮಿಷದ ಸ್ಟೇಷನ್ ಡೇಟಾ, ಸ್ಟೇಷನ್‌ಗಳ ವಿವರ ಇರುವ ಮೆಟಾಡೇಟಾ.

5 ನಿಮಿಷದ್ದು ಒಂದೇ ಸಾಕಲ್ಲ ಅನ್ನಿಸಬಹುದು. ಸಾಲದು. ವೇಗದ ಏರುಪೇರೇ ಮುಖ್ಯ ಅಂದೆನಲ್ಲ, 5 ನಿಮಿಷದ ಸರಾಸರಿಯಲ್ಲಿ ಅದು ಅಳಿಸಿಹೋಗಿರುತ್ತದೆ. 30 ಸೆಕೆಂಡಿನದಾದರೆ ಒಂದು ಚೌಕಕ್ಕೆ ಹತ್ತು ಅಳತೆ ಸಿಗುತ್ತವೆ.

ಲೂಪ್ ಡಿಟೆಕ್ಟರ್ ಏನು ಅಳೆಯುತ್ತದೆ ಅನ್ನುವುದನ್ನು ಇಲ್ಲೇ ಸರಿಯಾಗಿ ತಿಳಿದುಕೊಂಡರೆ ಮುಂದೆ ತಲೆನೋವು ಕಡಿಮೆ. ಡಾಂಬರಿನ ಕೆಳಗೆ ಹೂತ ತಂತಿಯ ಸುರುಳಿ ಅದು. ಮೇಲೆ ವಾಹನ ಬಂದರೆ ಗೊತ್ತಾಗುತ್ತದೆ. ಅಷ್ಟೇ. ಎಷ್ಟು ವಾಹನ ಹೋದವು, ಒಟ್ಟು ಎಷ್ಟು ಹೊತ್ತು ತನ್ನ ಮೇಲೆ ವಾಹನ ಇತ್ತು, ಈ ಎರಡನ್ನೇ ಅದು ಬಲ್ಲದು. ಎರಡನೆಯದಕ್ಕೆ ಆಕ್ಯುಪೆನ್ಸಿ ಅನ್ನುತ್ತಾರೆ.

ಒಂಟಿ ಲೂಪ್ ಇದ್ದ ಕಡೆ ವೇಗವನ್ನು ಇವೆರಡರಿಂದ ಹೆಕ್ಕಬೇಕು. ಒಂದು ಲೇನಿನಲ್ಲಿ 5 ನಿಮಿಷಕ್ಕೆ 100 ವಾಹನ ಹೋದವು, ಆಕ್ಯುಪೆನ್ಸಿ ಶೇ 10 ಅಂತಿಟ್ಟುಕೊಳ್ಳಿ. ಅಂದರೆ 300 ಸೆಕೆಂಡಿನಲ್ಲಿ 30 ಸೆಕೆಂಡು ಲೂಪಿನ ಮೇಲೆ ವಾಹನ ಇತ್ತು. ಕಾರಿನ ಉದ್ದಕ್ಕೆ ಲೂಪಿನ ಉದ್ದ ಸೇರಿಸಿ 22 ಅಡಿ ಅಂದುಕೊಳ್ಳೋಣ. 100 ವಾಹನಕ್ಕೆ 2,200 ಅಡಿ. ಅದನ್ನು 30 ಸೆಕೆಂಡಿನಲ್ಲಿ ದಾಟಿವೆ. ಸೆಕೆಂಡಿಗೆ 73 ಅಡಿ ಚಿಲ್ಲರೆ, ಗಂಟೆಗೆ 50 ಮೈಲಿ.

ಈಗ ಆ 22 ಅಡಿಯ ಜಾಗದಲ್ಲಿ ಲಾರಿ ಬಂದರೆ? ಉದ್ದ ಮೂರು ಪಟ್ಟು. ಲೆಕ್ಕ ತಪ್ಪಿ ವೇಗ ಕಡಿಮೆ ಅಂತ ತೋರಿಸುತ್ತದೆ. ಐ-880ಯಲ್ಲಿ ಇದು ಸಣ್ಣ ವಿಷಯವಲ್ಲ. ಪಕ್ಕದ ಐ-580ಯ ಓಕ್‌ಲ್ಯಾಂಡ್ ಭಾಗದಲ್ಲಿ ಭಾರಿ ಲಾರಿಗಳಿಗೆ ನಿಷೇಧ ಇರುವುದರಿಂದ ಅವೆಲ್ಲ ಇಲ್ಲಿಗೇ ಬರುತ್ತವೆ, ಜೊತೆಗೆ ಬಂದರಿನ ಲಾರಿಗಳು. ಬಲಗಡೆ ಲೇನುಗಳ ವೇಗವನ್ನು ಕಣ್ಣು ಮುಚ್ಚಿ ನಂಬಬೇಡಿ. ಜೋಡಿ ಲೂಪ್ ಅಥವಾ ರೇಡಾರ್ ಇರುವ ಸ್ಟೇಷನ್‌ಗಳು ವೇಗವನ್ನು ನೇರವಾಗಿ ಅಳೆಯುತ್ತವೆ, ಆದಷ್ಟು ಅವನ್ನೇ ಆರಿಸಿ.

ಡೇಟಾ ಇಳಿಸಿದ ಮೇಲೆ ಮೂರು ಕಡೆ ಎಡವಬಹುದು.

ಮೊದಲನೆಯದು, 5 ನಿಮಿಷದ ಫೈಲಿನಲ್ಲಿ 'ಶೇಕಡಾ ಎಷ್ಟು ನಿಜವಾಗಿ ಅಳೆದದ್ದು' ಅನ್ನುವ ಕಾಲಂ ಇದೆ. ಡಿಟೆಕ್ಟರ್ ಕೆಟ್ಟಾಗ ಪೆಮ್ಸ್ ಸುಮ್ಮನಿರುವುದಿಲ್ಲ, ಅಕ್ಕಪಕ್ಕದವನ್ನು ನೋಡಿ ಅಂಕಿ ತುಂಬಿಸುತ್ತದೆ. ಆ ಅಂಕಿ ನೋಡಲು ಚೆಂದ, ನಯವಾಗಿರುತ್ತದೆ, ನಮ್ಮ ಕೆಲಸಕ್ಕೆ ಮಾತ್ರ ಬಾರದು. ಆ ಕಾಲಂ ಸೊನ್ನೆ ಇದ್ದರೆ ಆ ಸಾಲು ತೆಗೆದುಹಾಕಿ. ಎರಡನೆಯದು, ಫೈಲಿನ ಹೊತ್ತು ಅಳತೆಯ ಆರಂಭವನ್ನು ಹೇಳುತ್ತದೆ. 08:00 ಅಂತಿದ್ದರೆ ಅದು 08:00ರಿಂದ 08:04:59ರವರೆಗಿನದು. ಇದನ್ನು ಕೊನೆ ಅಂದುಕೊಂಡರೆ ಐದು ನಿಮಿಷ ಆಚೀಚೆ. ಮೂರನೆಯದು ದಿಕ್ಕು. ಕ್ಯಾಲಿಫೋರ್ನಿಯಾದಲ್ಲಿ ಪೋಸ್ಟ್‌ಮೈಲ್, ಅಂದರೆ ರಸ್ತೆಯ ಮೇಲಿನ ಮೈಲಿ ಲೆಕ್ಕ, ದಕ್ಷಿಣದಿಂದ ಉತ್ತರಕ್ಕೆ ಏರುತ್ತದೆ. ಉತ್ತರಕ್ಕೆ ಹೋಗುವವರಿಗೆ ದೊಡ್ಡ ಪೋಸ್ಟ್‌ಮೈಲ್ ಮುಂದಿದೆ, ದಕ್ಷಿಣಕ್ಕೆ ಹೋಗುವವರಿಗೆ ಹಿಂದಿದೆ. 'ಹಿಂದಿನ ಸ್ಟೇಷನ್, ಮುಂದಿನ ಸ್ಟೇಷನ್' ಜೋಡಿ ಮಾಡುವಾಗ ದಕ್ಷಿಣದ ದಿಕ್ಕನ್ನು ತಿರುಗಿಸಲು ಮರೆತರೆ ಅರ್ಧ ಡೇಟಾ ತಲೆಕೆಳಗು.

ಯಾವ ವರ್ಷದ್ದು ತೆಗೆದುಕೊಳ್ಳಬೇಕು? 2020 ಬೇಡ. ಕೋವಿಡ್‌ನಿಂದ ರಸ್ತೆ ಖಾಲಿಯಾಗಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ 880ಯಲ್ಲಿ ಎಕ್ಸ್‌ಪ್ರೆಸ್ ಲೇನ್ (ಟೋಲ್ ಇರುವ ಲೇನ್) ಕೂಡ ಶುರುವಾಯಿತು. ಅದಕ್ಕೂ ಹಿಂದಿನ ಡೇಟಾ ಬೇರೆಯದೇ ರಸ್ತೆಯದು ಅಂತ ತಿಳಿಯಿರಿ. 2022ರಿಂದ ಈಚೆಗಿನದು ಸಾಕು.

ಹಂತ 2: ಅಪಘಾತದ ಪಟ್ಟಿ, ಅದಕ್ಕಿಂತ ಮುಖ್ಯವಾಗಿ ಅಪಘಾತದ ಹೊತ್ತು

ಪೆಮ್ಸ್‌ನಲ್ಲೇ ಹೆದ್ದಾರಿ ಪೊಲೀಸರ ಘಟನೆಗಳ ಲಾಗ್ ಸಿಗುತ್ತದೆ. ಅದರಲ್ಲಿ ಎಲ್ಲವೂ ಇರುತ್ತದೆ: ರಸ್ತೆ ಮೇಲೆ ಬಿದ್ದ ಏಣಿ, ಕೆಟ್ಟು ನಿಂತ ಕಾರು, ನಾಯಿ ಅಡ್ಡ ಬಂದದ್ದು. ನಮಗೆ ಬೇಕಾದ್ದು ಡಿಕ್ಕಿಗಳು ಮಾತ್ರ. ಕೋಡ್ 1179 ಅಂದರೆ ಆಂಬುಲೆನ್ಸ್ ಹೊರಟ ಡಿಕ್ಕಿ, 1182 ಗಾಯವಿಲ್ಲದ್ದು, 1183 ಗಾಯದ ವಿಷಯ ಗೊತ್ತಿಲ್ಲದ್ದು, 20001 ಮತ್ತು 20002 ಗುದ್ದಿ ಓಡಿಹೋದದ್ದು. ಒಂದೇ ಡಿಕ್ಕಿಗೆ ಹತ್ತು ಜನ ಫೋನ್ ಮಾಡಿರುತ್ತಾರೆ. ಹತ್ತಿರದ ಜಾಗ, ಹತ್ತಿರದ ಹೊತ್ತಿನವನ್ನು ಒಂದು ಮಾಡಿ. ಮೊದಲ ಡಿಕ್ಕಿಯಿಂದ ಹುಟ್ಟಿದ ಸಾಲಿನಲ್ಲಿ ಇನ್ನೊಂದು ಡಿಕ್ಕಿ ಆಗಿದ್ದರೆ ಅದನ್ನು ಬೇರೆ ಗುಂಪಿಗೆ ಹಾಕಿ, ಅದರ ಕತೆಯೇ ಬೇರೆ.

ಈಗ ಇಡೀ ಕೆಲಸ ನಿಲ್ಲುವ ಅಥವಾ ಬೀಳುವ ಜಾಗಕ್ಕೆ ಬಂದೆವು. ಲಾಗ್‌ನಲ್ಲಿರುವ ಹೊತ್ತು ಯಾರೋ ಫೋನ್ ಮಾಡಿದ ಹೊತ್ತು. ಡಿಕ್ಕಿಯಾದ ಹೊತ್ತಲ್ಲ.

ನನ್ನ ಮೊದಲ ಮಾಡೆಲ್ ಕಟ್ಟಿದಾಗ ನಾನಿದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಲಾಗ್‌ನ ಹೊತ್ತನ್ನೇ ನಂಬಿ, ಅದಕ್ಕೆ ಮೊದಲಿನ ಐದು ನಿಮಿಷದ ಡೇಟಾ ಕೊಟ್ಟೆ. ಅಂಕ ಎಷ್ಟು ಚೆನ್ನಾಗಿ ಬಂತೆಂದರೆ ರಾತ್ರಿ ಹನ್ನೊಂದಕ್ಕೆ ಗೆಳೆಯನಿಗೆ ಫೋನ್ ಮಾಡಿ ಜಂಬ ಕೊಚ್ಚಿದೆ. ಅವನು ಪೂರ್ತಿ ಕೇಳಿಸಿಕೊಂಡು, 'ಅಪಘಾತ ಆದ ಮೇಲಿನ ಡೇಟಾ ನೋಡಿ ಅಪಘಾತ ಆಗಿದೆ ಅಂತಿದೆ ಕಣೋ ನಿನ್ನ ಮಾಡೆಲ್' ಅಂದ. ಒಂದೊಂದೇ ಅಪಘಾತದ ಗ್ರಾಫ್ ತೆಗೆದು ನೋಡಿದೆ. ಅವನು ಹೇಳಿದ್ದೇ ಸರಿ. ಎಷ್ಟೋ ಕಡೆ ಫೋನ್ ಬರುವ ಮೊದಲೇ ಹಿಂದಿನ ಸ್ಟೇಷನ್‌ನಲ್ಲಿ ವೇಗ ನೆಲ ಕಚ್ಚಿತ್ತು.

ಸರಿಪಡಿಸುವುದು ಹೀಗೆ. ಅಪಘಾತ ಆದರೆ ಹಿಂದೆ ವಾಹನಗಳ ಸಾಲು ಬೆಳೆಯುತ್ತದೆ, ಸಾಲಿನ ಬಾಲ ಹಿಂದಕ್ಕೆ ಸರಿಯುತ್ತದೆ. ಆ ಸರಿಯುವ ವೇಗ ತುಂಬಿದ ರಸ್ತೆಯಲ್ಲಿ ಗಂಟೆಗೆ ಸುಮಾರು 12 ಮೈಲಿ ಅಂತ ಇಟ್ಟುಕೊಳ್ಳಬಹುದು. ಒಂದು ಉದಾಹರಣೆ ಕಟ್ಟೋಣ. ಡಿಕ್ಕಿ ಆದ ಜಾಗ ಹಿಂದಿನ ಸ್ಟೇಷನ್‌ನಿಂದ 0.3 ಮೈಲಿ ಮುಂದೆ. ಲಾಗ್‌ನಲ್ಲಿ 7:50 ಅಂತಿದೆ. 30 ಸೆಕೆಂಡಿನ ಡೇಟಾದಲ್ಲಿ ಆ ಸ್ಟೇಷನ್‌ನ ವೇಗ 7:42ರವರೆಗೆ 58, 55, 57 ಅಂತ ಇದ್ದು, 7:42:30ಕ್ಕೆ 31, ಆಮೇಲೆ 14, 9. ಬಾಲ 0.3 ಮೈಲಿ ಸರಿಯಲು ಒಂದೂವರೆ ನಿಮಿಷ ಬೇಕು. ಹಾಗಾದರೆ ಡಿಕ್ಕಿ ಆದದ್ದು 7:41ಕ್ಕೆ. ಲಾಗ್ ಒಂಬತ್ತು ನಿಮಿಷ ತಡ. 7:50 ಅಂತಲೇ ನಂಬಿ 'ಐದರಿಂದ ಹತ್ತು ನಿಮಿಷ ಮೊದಲು' ಅಂತ 7:40ರಿಂದ 7:45ರವರೆಗಿನ ಡೇಟಾ ಕೊಟ್ಟಿದ್ದರೆ ಅದರಲ್ಲಿ ಅರ್ಧ ಅಪಘಾತದ ಪರಿಣಾಮವೇ ಆಗಿರುತ್ತಿತ್ತು.

ಇದನ್ನು ಕೋಡ್‌ನಲ್ಲಿ ಬರೆಯಿರಿ, ಆದರೆ ಮೊದಲ 50 ಅಪಘಾತಗಳನ್ನು ಕಣ್ಣಿನಿಂದಲೇ ನೋಡಿ. ಬೇಸರದ ಕೆಲಸ, ಒಂದು ಭಾನುವಾರ ಹೋಗುತ್ತದೆ. ಆ ಭಾನುವಾರ ಕೊಟ್ಟವರಿಗೆ ಮಾಡೆಲ್ ಬಗ್ಗೆ ಬರುವ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಕ್ಕಿರುತ್ತದೆ. ರಾತ್ರಿ ಖಾಲಿ ರಸ್ತೆಯಲ್ಲಿ ಆದ ಡಿಕ್ಕಿಗೆ ಸಾಲೇ ಹುಟ್ಟುವುದಿಲ್ಲ, ಅಲ್ಲಿ ಈ ಉಪಾಯ ನಡೆಯದು. ಮೊದಲೇ ಜಾಮ್ ಆಗಿದ್ದ ಕಡೆ ವೇಗ ಬಿದ್ದದ್ದು ಕಾಣುವುದಿಲ್ಲ. ಹೊತ್ತು ಖಚಿತ ಆಗದವನ್ನು ಬಿಟ್ಟುಬಿಡಿ. ಅನುಮಾನದ ಸಾವಿರಕ್ಕಿಂತ ಖಚಿತವಾದ ಮುನ್ನೂರು ಮೇಲು. ಆದರೆ ಬಿಟ್ಟವು ಯಾವ ಬಗೆಯವು ಅಂತ ಬರೆದಿಡಿ. ರಾತ್ರಿಯವೆಲ್ಲ ಬಿಟ್ಟುಹೋಗಿದ್ದರೆ ನಿಮ್ಮ ಮಾಡೆಲ್ ರಾತ್ರಿಯ ಬಗ್ಗೆ ಮಾತಾಡಬಾರದು.

ಹಂತ 3: ಏನೂ ಆಗದ ಹೊತ್ತನ್ನು ಆರಿಸಿ

ಹೋಲಿಸಲು ಅಪಘಾತ ಆಗದ ಚೌಕಗಳು ಬೇಕು. ಅವು ಲಕ್ಷಗಟ್ಟಲೆ ಇವೆ. ಎರಡು ದಾರಿ ಇದೆ.

ಒಂದು, ಜೋಡಿ ಮಾಡುವುದು. ಮಂಗಳವಾರ ಬೆಳಗ್ಗೆ 7:41ಕ್ಕೆ ಆದ ಡಿಕ್ಕಿಗೆ ಅದೇ ಜಾಗದ, ಅದೇ ಹೊತ್ತಿನ, ಏನೂ ಆಗದ ನಾಲ್ಕೈದು ಮಂಗಳವಾರಗಳನ್ನು ಜೊತೆಗಿಡಿ. 2004ರ ಐ-4 ಅಧ್ಯಯನ ಮಾಡಿದ್ದು ಹೀಗೆ. ತಿರುವು, ಇಳಿಜಾರು, ಆಫೀಸಿನ ಹೊತ್ತು ಎಲ್ಲ ಎರಡೂ ಕಡೆ ಒಂದೇ ಆಗುವುದರಿಂದ, ಉಳಿಯುವುದು ಟ್ರಾಫಿಕ್ಕಿನ ವ್ಯತ್ಯಾಸ ಮಾತ್ರ. ಏನು ಅಪಾಯ ತರುತ್ತದೆ ಅಂತ ಅರ್ಥ ಮಾಡಿಕೊಳ್ಳಲು ಇದು ಒಳ್ಳೆಯದು. ಎರಡು, ಎಲ್ಲ ಚೌಕಗಳಿಂದ ಚೀಟಿ ಎತ್ತಿದ ಹಾಗೆ ಆರಿಸುವುದು. ಜಾಗ, ಹೊತ್ತುಗಳನ್ನು ಮಾಡೆಲ್‌ಗೇ ಕೊಡುವುದು. ರಸ್ತೆಯಲ್ಲಿ ಬಳಸುವ ಮಾಡೆಲ್‌ಗೆ ನಾನು ಇದನ್ನೇ ಬಳಸುತ್ತೇನೆ. ಜೋಡಿ ಮಾಡಿದರೆ 'ಎಷ್ಟು ಪಟ್ಟು' ಅಂತ ಮಾತ್ರ ಗೊತ್ತಾಗುತ್ತದೆ, ನಿಜವಾದ ಸಂಭವ ಎಷ್ಟು ಅಂತ ಹೇಳಲಾಗುವುದಿಲ್ಲ.

ಯಾವ ದಾರಿ ಹಿಡಿದರೂ ಅಪಘಾತದ ಹಿಂದೆ ಮುಂದೆ ಒಂದೆರಡು ಗಂಟೆಯ ಚೌಕಗಳನ್ನು 'ಏನೂ ಆಗದ' ಪಟ್ಟಿಗೆ ಸೇರಿಸಬೇಡಿ.

ಹಂತ 4: ಮಾಡೆಲ್‌ಗೆ ಏನು ತೋರಿಸಬೇಕು

ಅಪಘಾತಕ್ಕೆ 5ರಿಂದ 10 ನಿಮಿಷ ಮೊದಲಿನ ಕಿಟಕಿ ಬಳಸಿ. ಕೊನೆಯ ಐದು ನಿಮಿಷದ್ದು ಬೇಡ. ಅಲ್ಲಿ ಹೊತ್ತಿನ ತಪ್ಪು ನುಸುಳುತ್ತದೆ. ನುಸುಳದಿದ್ದರೂ ಎಚ್ಚರಿಕೆ ಬಂದ ಮೇಲೆ ಏನಾದರೂ ಮಾಡಲು ಪುರುಸೊತ್ತು ಬೇಕಲ್ಲ.

ಆ ಕಿಟಕಿಯಲ್ಲಿ ಹಿಂದಿನ ಎರಡು, ಮುಂದಿನ ಎರಡು ಸ್ಟೇಷನ್‌ಗಳಿಂದ ಇವನ್ನು ತೆಗೆಯಿರಿ: ವೇಗದ ಸರಾಸರಿ, ವೇಗದ ಸ್ಟ್ಯಾಂಡರ್ಡ್ ಡೀವಿಯೇಷನ್ (ಏರುಪೇರಿನ ಅಳತೆ), ಅದನ್ನು ಸರಾಸರಿಯಿಂದ ಭಾಗಿಸಿದ ಅಂಕಿ, ವಾಹನಗಳ ಎಣಿಕೆ, ಆಕ್ಯುಪೆನ್ಸಿ. ಇದರ ಮೇಲೆ ಎರಡು ವ್ಯತ್ಯಾಸಗಳು. ಇವೇ ನನ್ನ ಕಣ್ಣಿಗೆ ಮುಖ್ಯ.

ಮೊದಲನೆಯದು ಹಿಂದಿನ ಸ್ಟೇಷನ್‌ನ ವೇಗದಿಂದ ಮುಂದಿನದರ ವೇಗ ಕಳೆದದ್ದು. ಮಿಷನ್ ಬುಲೆವಾರ್ಡ್‌ನಲ್ಲಿ 62, ಡಿಕ್ಸನ್ ಲ್ಯಾಂಡಿಂಗ್‌ನಲ್ಲಿ 24 ಅಂದರೆ, ಜೋರಾಗಿ ಬರುತ್ತಿರುವವರು ನಿಂತವರ ಬೆನ್ನಿಗೆ ಬರುತ್ತಿದ್ದಾರೆ. ಎರಡೂ ಕಡೆ 24 ಇದ್ದರೆ ಬೇಸರದ ಜಾಮ್, ಅಷ್ಟೇ. ಎಲ್ಲರೂ ತೆವಳುವಾಗ ಆಗುವ ಅಪಾಯಕ್ಕಿಂತ, ಓಟ ತೆವಳಾಗುವ ಗಡಿಯಲ್ಲಿ ಆಗುವ ಅಪಾಯ ಬೇರೆ. ಎರಡನೆಯದು ಪಕ್ಕ ಪಕ್ಕದ ಲೇನುಗಳ ನಡುವಿನ ವೇಗದ ಅಂತರ. ಲೇನ್ ಬದಲಿಸುವ ಆಸೆ ಹುಟ್ಟುವುದು ಅಲ್ಲಿ. ಎಕ್ಸ್‌ಪ್ರೆಸ್ ಲೇನನ್ನು ಪೆಮ್ಸ್ ಬೇರೆ ಸ್ಟೇಷನ್ ಆಗಿ ಕೊಡುತ್ತದೆ, ಅದನ್ನೂ ತಂದು ಸೇರಿಸಿ.

ಹವಾಮಾನಕ್ಕೆ ವಿಮಾನ ನಿಲ್ದಾಣಗಳ ವರದಿ ಸಾಕು. ಓಕ್‌ಲ್ಯಾಂಡ್, ಹೇವರ್ಡ್, ಸ್ಯಾನ್ ಹೋಸೆ ನಿಲ್ದಾಣಗಳು 880ಗೆ ಹತ್ತಿರವೇ ಇವೆ. ಅಯೋವಾ ಸ್ಟೇಟ್ ಯೂನಿವರ್ಸಿಟಿಯ ತಾಣದಲ್ಲಿ ಹಳೆಯ ವರದಿಗಳು ಪುಕ್ಕಟೆ ಸಿಗುತ್ತವೆ. ಮಳೆ ಬಂತೋ ಇಲ್ಲವೋ ಅನ್ನುವುದರ ಜೊತೆಗೆ 'ಹಿಂದಿನ ಮಳೆ ಬಂದು ಎಷ್ಟು ದಿನ ಆಯಿತು' ಅನ್ನುವುದನ್ನೂ ಹಾಕಿ ನೋಡಿ. ಬೇ ಏರಿಯಾದಲ್ಲಿ ಬೇಸಿಗೆಯೆಲ್ಲ ಒಣಗಿದ ರಸ್ತೆ ಮೇಲೆ ಬೀಳುವ ಮೊದಲ ಮಳೆಯ ಜಾರು ಬೇರೆಯೇ. ಒಂದು ಎಚ್ಚರಿಕೆ: ಆ ವರದಿಗಳ ಹೊತ್ತು ಯುಟಿಸಿಯಲ್ಲಿ, ಅಂದರೆ ಗ್ರೀನಿಚ್ ಕಾಲದಲ್ಲಿ, ಇರುತ್ತದೆ. ಪೆಮ್ಸ್‌ನದು ಸ್ಥಳೀಯ ಹೊತ್ತು, ಅದೂ ವರ್ಷಕ್ಕೆರಡು ಸಲ ಒಂದು ಗಂಟೆ ಜಿಗಿಯುತ್ತದೆ. ಮತ್ತೆ ಗಡಿಯಾರದ್ದೇ ಕಾಟ.

ಹಂತ 5: ಮಾಡೆಲ್

ಇದು ಎಲ್ಲರೂ ಮೊದಲು ಕೇಳುವ ಭಾಗ, ನಾನು ಬೇಗ ಮುಗಿಸುವ ಭಾಗ. ಅಂಕಿಗಳಿಂದ ಸಂಭವ ಲೆಕ್ಕ ಹಾಕುವ ಸರಳ ವಿಧಾನವಾದ ಲಾಜಿಸ್ಟಿಕ್ ರಿಗ್ರೆಷನ್‌ನಿಂದ ಶುರು ಮಾಡಿ. ಹಿಂದೆ ಮುಂದಿನ ವೇಗದ ವ್ಯತ್ಯಾಸ ಜಾಸ್ತಿಯಾದಾಗ ಅಪಾಯ ಕಡಿಮೆ ಆಗುತ್ತದೆ ಅಂತ ಅದು ಹೇಳಿದರೆ, ದಿಕ್ಕು ತಿರುಗಿಸಲು ಎಲ್ಲೋ ಮರೆತಿದ್ದೀರಿ. ಆಮೇಲೆ ಗ್ರೇಡಿಯೆಂಟ್ ಬೂಸ್ಟಿಂಗ್ (ಸಣ್ಣ ಸಣ್ಣ ಮಾಡೆಲ್‌ಗಳನ್ನು ಒಂದರ ತಪ್ಪು ಇನ್ನೊಂದು ತಿದ್ದುವ ಹಾಗೆ ಪೇರಿಸುವ ವಿಧಾನ) ಹಾಕಿ, ಎಕ್ಸ್‌ಜಿಬೂಸ್ಟ್ ಅಥವಾ ಲೈಟ್‌ಜಿಬಿಎಂ ಯಾವುದಾದರೂ ಸರಿ. ಕೆಲವು ನೂರು ಅಪಘಾತ ಇಟ್ಟುಕೊಂಡು ಡೀಪ್ ಲರ್ನಿಂಗ್‌ಗೆ ಕೈ ಹಾಕುವುದು ಸುಮ್ನೆ ಕರೆಂಟು ಖರ್ಚು.

ಹಂತ 6: ಬಂದ ಅಂಕಿಯನ್ನು ನೆಲಕ್ಕಿಳಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಒಂದು ಅಪಘಾತಕ್ಕೆ ನಾಲ್ಕು ಮಾಮೂಲಿ ಚೌಕ ಇಟ್ಟು ಕಲಿಸಿದ್ದೇವೆ ಅಂತಿಟ್ಟುಕೊಳ್ಳಿ. ಮಾಡೆಲ್‌ನ ಪ್ರಪಂಚದಲ್ಲಿ ಐದು ಚೌಕಕ್ಕೊಂದು ಅಪಘಾತ. ನಿಜವಾದ ರಸ್ತೆ ಹಾಗಿದ್ದರೆ ಯಾರೂ ಮನೆ ತಲುಪುತ್ತಿರಲಿಲ್ಲ.

ದಿನಕ್ಕೆ ಐದು ನಿಮಿಷದ 288 ಚೌಕ. ವರ್ಷಕ್ಕೆ 1,05,120. ಒಂದು ತುಂಡಿನಲ್ಲಿ ವರ್ಷಕ್ಕೆ 10 ಅಪಘಾತ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. 10,512 ಚೌಕಕ್ಕೆ ಒಂದು. ಈಗ ಮಾಡೆಲ್ ಶೇ 50 ಅಂತು ಅನ್ನಿ. ಆಡ್ಸ್ (ಆಗದಿರುವುದಕ್ಕೂ ಆಗುವುದಕ್ಕೂ ಇರುವ ಅನುಪಾತ) ಲೆಕ್ಕದಲ್ಲಿ ಅದು ಒಂದಕ್ಕೆ ಒಂದು. ಮಾಡೆಲ್ ಕಲಿತ ಪ್ರಪಂಚದ ಆಡ್ಸ್ 4ಕ್ಕೆ 1, ನಿಜ ಪ್ರಪಂಚದ್ದು 10,511ಕ್ಕೆ 1. ಮಾಡೆಲ್ ಕೊಟ್ಟ ಆ ಒಂದನ್ನು 4ರಿಂದ ಗುಣಿಸಿ 10,511ರಿಂದ ಭಾಗಿಸಿದರೆ ಸುಮಾರು 2,600ಕ್ಕೆ ಒಂದು. ಶೇ 50 ಅಂತ ಪರದೆ ಮೇಲೆ ತೋರಿಸಿದ್ದು ಅಸಲಿಗೆ ಇಷ್ಟೇ. ಮಾಮೂಲಿಗಿಂತ ನಾಲ್ಕು ಪಟ್ಟು ಅಪಾಯ, ಅದು ನಿಜ. ಶೇ 50 ಮಾತ್ರ ಸುಳ್ಳು. ಈ ತಿದ್ದುಪಡಿ ಮಾಡದೆ ಅಂಕಿಯನ್ನು ಯಾರಿಗೂ ತೋರಿಸಬೇಡಿ.

ಅಲಾರಂ ಲೆಕ್ಕವನ್ನೂ ಮಾಡಿ. ಮಾಡೆಲ್ ಶೇ 70 ಅಪಘಾತಗಳನ್ನು ಹಿಡಿಯುತ್ತದೆ, ಮಾಮೂಲಿ ಚೌಕಗಳಲ್ಲಿ ಶೇ 10ಕ್ಕೆ ಸುಳ್ಳು ಅಲಾರಂ ಕೊಡುತ್ತದೆ ಅಂತಿಟ್ಟುಕೊಳ್ಳಿ. ಕೇಳಲು ಚೆನ್ನಾಗಿದೆ. ಆ ತುಂಡಿನಲ್ಲಿ ವರ್ಷಕ್ಕೆ 10,518 ಅಲಾರಂ, ಅದರಲ್ಲಿ ನಿಜವಾದವು 7. ದಿನಕ್ಕೆ 29 ಸಲ. ಐ-880 ಸುಮಾರು 46 ಮೈಲಿ ಇದೆ. ಅರ್ಧ ಮೈಲಿಗೊಂದು ತುಂಡು, ಎರಡು ದಿಕ್ಕು ಅಂದರೆ 184 ತುಂಡು. ದಿನಕ್ಕೆ 5,000ಕ್ಕೂ ಜಾಸ್ತಿ ಅಲಾರಂ. ಕಂಟ್ರೋಲ್ ರೂಮಿನಲ್ಲಿ ಕೂತವರು ಮೊದಲ ದಿನವೇ ಸೌಂಡ್ ಆಫ್ ಮಾಡುತ್ತಾರೆ.

ಅದಕ್ಕೇ ಅಲಾರಂ ಕೂಗುವ ಮಿತಿಯನ್ನು ಹಿಂದಿನಿಂದ ನಿಗದಿ ಮಾಡಿ. ಕಂಟ್ರೋಲ್ ರೂಮಿನವರು ದಿನಕ್ಕೆ ಎಷ್ಟು ಎಚ್ಚರಿಕೆಗೆ ನಿಜವಾಗಿ ಕೈ ಹಾಕಬಲ್ಲರು? ಇಪ್ಪತ್ತು ಅಂದರೆ ಇಪ್ಪತ್ತು. ಅತಿ ಅಪಾಯದ ಇಪ್ಪತ್ತನ್ನು ಮಾತ್ರ ತೋರಿಸುವ ಹಾಗೆ ಮಿತಿ ಇಡಿ. ಹಿಡಿಯುವ ಅಪಘಾತ ಕಡಿಮೆಯಾಗುತ್ತದೆ, ಹಿಡಿದದ್ದು ಉಪಯೋಗಕ್ಕೆ ಬರುತ್ತದೆ.

ಹಂತ 7: ಪರೀಕ್ಷೆ

2022, 2023ರಲ್ಲಿ ಕಲಿಸಿ, 2024ರಲ್ಲಿ ಪರೀಕ್ಷಿಸಿ. ಎಲ್ಲ ಕಲಸಿ ಶೇ 80, ಶೇ 20 ಅಂತ ಹಂಚಬೇಡಿ. ಒಂದೇ ಬೆಳಗಿನ ಅಕ್ಕಪಕ್ಕದ ಚೌಕಗಳು ಎರಡೂ ಕಡೆ ಸೇರಿಕೊಂಡು ಮಾಡೆಲ್ ಉತ್ತರ ಕದಿಯುತ್ತದೆ. ಅಪಘಾತಗಳು ಕಡಿಮೆ ಇವೆ ಅಂತ ಸ್ಮೋಟ್ ಬಳಸಿ ನಕಲಿ ಅಪಘಾತ ಹುಟ್ಟಿಸುವವರು, ಹಂಚುವ ಮೊದಲೇ ಹುಟ್ಟಿಸಿ ಇದೇ ತಪ್ಪು ಮಾಡುತ್ತಾರೆ. ಪರೀಕ್ಷೆಗೆ 2024ರ ಎಲ್ಲ ಚೌಕಗಳನ್ನೂ ಕೊಡಿ, ಆರಿಸಿದವನ್ನಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಮಾಡೆಲ್ ಅತಿ ಅಪಾಯ ಅಂದ ಶೇ 1 ಚೌಕಗಳಲ್ಲಿ ವರ್ಷದ ಅಪಘಾತಗಳ ಶೇ ಎಷ್ಟು ಇವೆ? ಅದನ್ನು 'ಈ ಜಾಗ, ಈ ಗಂಟೆಯ ಹಳೆಯ ಸರಾಸರಿ' ಅನ್ನುವ ಸರಳ ಪಟ್ಟಿಯ ಜೊತೆ ಹೋಲಿಸಿ. ಪಟ್ಟಿಗಿಂತ ಮೇಲೆ ಬರದಿದ್ದರೆ ಪಟ್ಟಿಯನ್ನೇ ಬಳಸಿ.

ಹಂತ 8: ಓಡುವ ರಸ್ತೆಗೆ ಹಚ್ಚುವುದು

ಮನೆಯಲ್ಲಿ ಅಭ್ಯಾಸಕ್ಕೆ ಹಳೆಯ ದಿನವೊಂದನ್ನು 'ಮರುಪ್ರಸಾರ' ಮಾಡಿ. 30 ಸೆಕೆಂಡಿನ ಸಾಲುಗಳನ್ನು ಒಂದೊಂದಾಗಿ ಬಿಡುತ್ತಾ, ಆ ಕ್ಷಣದಲ್ಲಿ ಗೊತ್ತಿರುವುದನ್ನು ಮಾತ್ರ ಮಾಡೆಲ್‌ಗೆ ತೋರಿಸಿ. ಆಗ ಇಳಿಸಿಕೊಂಡ ಫೈಲಿನಲ್ಲಿ ಕಾಣದ ಕಷ್ಟಗಳು ಕಾಣುತ್ತವೆ. ಒಂದು ಸ್ಟೇಷನ್‌ನ ಡೇಟಾ ಎರಡು ನಿಮಿಷ ತಡವಾಗಿ ಬರುತ್ತದೆ. ಇನ್ನೊಂದು ಸತ್ತಿರುತ್ತದೆ. ಮತ್ತೊಂದು ಅದೇ ಅಂಕಿಯನ್ನು ಅರ್ಧ ಗಂಟೆ ಉಗುಳುತ್ತಿರುತ್ತದೆ. ಇಂಥ ಕಡೆ ಪರದೆ 'ಗೊತ್ತಿಲ್ಲ' ಅನ್ನಬೇಕು. ಖಾಲಿಯನ್ನು ಸೊನ್ನೆ ಅಂತ ತುಂಬಿಸಿದರೆ ವೇಗ ಸೊನ್ನೆ ಆಗಿ ಅಲಾರಂ ಕೂಗುತ್ತದೆ, ಅಪಾಯ ಸೊನ್ನೆ ಆಗಿ ಹಸಿರು ತೋರಿಸಿದರೆ ಇನ್ನೂ ಕೆಟ್ಟದು.

ಅಲಾರಂ ಮಿಣಮಿಣ ಅನ್ನದಂತೆಯೂ ನೋಡಿಕೊಳ್ಳಿ. ಎರಡು ಸಲ ಸತತವಾಗಿ ಮಿತಿ ದಾಟಿದರೆ ಹಚ್ಚಿ, ಆರಿಸಲು ಇನ್ನೂ ಕೆಳಗಿನ ಮಿತಿ ಇಡಿ. ಆರು ತಿಂಗಳಿಗೊಮ್ಮೆ ಹೊಸ ಡೇಟಾದಲ್ಲಿ ಮತ್ತೆ ಕಲಿಸಿ. ರಸ್ತೆ ಕಾಮಗಾರಿ, ಹೊಸ ಲೇನ್, ಬದಲಾದ ಆಫೀಸ್ ದಿನಗಳು ಹಳೆಯ ಮಾಡೆಲನ್ನು ಸದ್ದಿಲ್ಲದೆ ಹಾಳು ಮಾಡುತ್ತವೆ.

ಎಚ್ಚರಿಕೆ ಬಂದ ಮೇಲೆ ಏನು ಮಾಡುವುದು? ಇಂಗ್ಲೆಂಡಿನ ಎಂ25ರಲ್ಲಿ 1995ರಿಂದಲೇ ಮೇಲಿನ ಫಲಕಗಳು ಟ್ರಾಫಿಕ್ ನೋಡಿ ವೇಗದ ಮಿತಿ ಬದಲಿಸುತ್ತವೆ. ಅಮೆರಿಕದ ಲಾಸ್ ವೇಗಸ್‌ನ ಐ-15ರಲ್ಲಿ ಅಪಾಯದ ಜಾಗ, ಹೊತ್ತು ನೋಡಿ ಪೊಲೀಸ್ ಕಾರು ಕಾಣುವ ಹಾಗೆ ನಿಲ್ಲಿಸಿ, ಫಲಕದಲ್ಲಿ ಎಚ್ಚರಿಕೆ ಹಾಕಿ ನೋಡಿದರು. ಅಪಘಾತ ಶೇ 17 ಕಡಿಮೆಯಾಯಿತು ಅಂತ ಆ ಯೋಜನೆಯವರು ಹೇಳಿಕೊಂಡರು. ನಾನು ಆ ಅಂಕಿಯನ್ನು ಪೂರ್ತಿ ನಂಬುವುದಿಲ್ಲ. ಅತಿ ಕೆಟ್ಟ ಜಾಗವನ್ನೇ ಆರಿಸಿ ಅಳೆದರೆ ಮುಂದಿನ ವರ್ಷ ತಾನಾಗಿಯೇ ಸ್ವಲ್ಪ ಇಳಿಯುವುದು ಉಂಟು. ಇನ್ನೊಂದು ಸಿಕ್ಕು: ಫಲಕ ನೋಡಿ ಜನ ನಿಧಾನ ಮಾಡಿ ಅಪಘಾತ ತಪ್ಪಿದರೆ, ಡೇಟಾದಲ್ಲಿ ಅದು 'ಸುಳ್ಳು ಅಲಾರಂ' ಅಂತ ದಾಖಲಾಗುತ್ತದೆ. ಮುಂದಿನ ಸಲ ಮಾಡೆಲ್ ಅದನ್ನೇ ಕಲಿತು ಬಾಯಿ ಮುಚ್ಚುತ್ತದೆ. ಯಾವ ಹೊತ್ತಿನಲ್ಲಿ ಯಾವ ಫಲಕ ಹಚ್ಚಿದ್ದಿರಿ ಅಂತ ಮೊದಲ ದಿನದಿಂದಲೇ ಬರೆದಿಡಿ.

ನಮ್ಮ ರಸ್ತೆಗೆ ತರುವುದಾದರೆ

ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಮುಖ್ಯ ದಾರಿಗೆ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಬಿಡುತ್ತಿಲ್ಲ. ವೇಗದ ಅಂತರವೇ ಅಪಾಯ ಅನ್ನುವ ಮಾತನ್ನು ಯಾವ ಮಾಡೆಲ್ಲೂ ಇಲ್ಲದೆ ಜಾರಿಗೆ ತಂದ ಹಾಗಾಯಿತು. 880ಯ ಮಾಡೆಲನ್ನು ಎತ್ತಿ ತಂದು ಇಲ್ಲಿ ಕೂರಿಸಲು ಮಾತ್ರ ಆಗುವುದಿಲ್ಲ. ಅರ್ಧ ಮೈಲಿಗೊಂದು ಲೂಪ್ ಇಲ್ಲಿಲ್ಲ, ಲೇನಿನ ಲೆಕ್ಕ ಇಡಲು ಜನ ಲೇನಿನಲ್ಲೇ ಹೋಗಬೇಕು. ಆದರೆ ದಂಡ ಹಾಕಲೆಂದು ನಿಲ್ಲಿಸಿದ ಕ್ಯಾಮೆರಾಗಳಿವೆ. ಅವು ಮಿತಿ ದಾಟಿದವರನ್ನು ಹಿಡಿಯಲು ಎಲ್ಲರ ವೇಗವನ್ನೂ ಅಳೆಯಲೇಬೇಕು. ನಂಬರ್ ಪ್ಲೇಟ್ ತೆಗೆದು, ವೇಗ ಮತ್ತು ಹೊತ್ತು ಮಾತ್ರ ಉಳಿಸಿಕೊಂಡರೆ ಐದು ನಿಮಿಷದ ಏರುಪೇರು ಅಲ್ಲೇ ಸಿಗುತ್ತದೆ.

ಅಪಘಾತದ ಹೊತ್ತಿಗೆ ಎಫ್‌ಐಆರ್ ಹಿಡಿಯಬೇಡಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಮನೆಯವರು ಬಂದು ದೂರು ಬರೆದುಕೊಟ್ಟ ಮೇಲೆ ಅದು ಹುಟ್ಟುವುದು. ಅದರಲ್ಲಿ 'ಬೆಳಗಿನ ಜಾವ ಸುಮಾರು 5 ಗಂಟೆಗೆ' ಅಂತಿರುತ್ತದೆ. ಹೆದ್ದಾರಿ ಸಹಾಯವಾಣಿ 1033, ಆಂಬುಲೆನ್ಸಿನ 108, ಇವೆರಡರ ಕರೆ ದಾಖಲೆಯಲ್ಲಿ ಗಂಟೆ, ನಿಮಿಷ ಎರಡೂ ಇರುತ್ತವೆ. ಎರಡರಲ್ಲಿ ಮೊದಲು ಬಂದ ಕರೆಯನ್ನು ಹಿಡಿದು, ಅಲ್ಲಿಂದ ಕ್ಯಾಮೆರಾದ ವೇಗದ ಸಾಲುಗಳಲ್ಲಿ ಹಿಂದಕ್ಕೆ ನಡೆಯಿರಿ, ವೇಗ ಬಿದ್ದ ನಿಮಿಷ ಸಿಗುವವರೆಗೆ.